ಪದದ ಕೊನೆಯ ನುಡಿ

ಅಂದು ಬೆಳಿಗ್ಗೆ ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಮೇಲೆ ಮಂಜು ಕಂಬಳಿಯ ಹಾಗೆ ಹಾಸಿಕೊಂಡಿತ್ತು. ಫೋನಿನಲ್ಲಿ ಪ್ರವಚನ ಕೇಳುತ್ತಿದ್ದ ಶಿವಗಂಗವ್ವ ಇಯರ್‌ಫೋನ್ ತೆಗೆದು, ಪಕ್ಕದ ಮಾತಿಗೆ ಕಿವಿಗೊಟ್ಟಳು. ಹಣೆತುಂಬ ಭಂಡಾರದ ಅರಿಸಿನ ಬಳಿದುಕೊಂಡ ಕುರಿಗಾರ ಮಾಳಸಿದ್ದ, ತನ್ನ ಅಣ್ಣನ ಮಗಳು ಅನುಸೂಯಾಳ ಲ್ಯಾಪ್‌ಟಾಪಿಗೆ ಬಾಗಿದ್ದ.

“ನಿಮ್ಮಪ್ಪನ ಪದ ಯಾಕ ತೆರೀವಲ್ದವಾ?”

“ಅಪ್ಪನ ಪದ ರೆಕಾರ್ಡ್ ಮಾಡಿಕೊಂಡಿದ್ದ ಸರ್ ಗಂಟು ಕಟ್ಟಿ ಕಳಿಸಿದ ಝಿಪ್ ಫೈಲ್ ಪೂರಾ ಇಳದಿಲ್ಲ ಕಾಕಾ. ನಡುವ ನೆಟ್ ಹೋತು.”

“ಇಳದಷ್ಟರೆ ಕೇಳಸು.”

“ಬರೂದಿಲ್ಲ. ಒಳಗ ಏನೇನೈತಿ ಅನ್ನೂದು ಗಂಟಿನ ಕೊನಿಗೆ ಇರತೈತಿ. ಕೊನಿ ಸಿಗೂತನಕ ಅನ್‌ಝಿಪ್ ಬಿಚ್ಚಾಂಗಿಲ್ಲ.”

“ನಮ್ಮ ಡೊಳ್ಳಿನ ಪದ ಇದ್ದಂಗ ಆತು. ಕೊನೀ ನುಡಿಯಾಗ ಗುರುವಿನ ಹೆಸರು. ಅದನ್ನ ಹಾಡಲಾರ್ದ ಡೊಳ್ಳು ಇಳಸಾಂಗಿಲ್ಲ.”

“ಅದ ನುಡೀನ ಮರತು ಕುಂತೀಯಲಾ ಕಾಕಾ! ನಾಳೆ ಮಟ ಡೊಳ್ಳು ಹೊತ್ತ ನಿಂದರ್ತಿ ಏನ?”

“ನಗಬ್ಯಾಡ ಬೇ. ಅಣ್ಣ ತೀರಿಕೊಂಡ ಮ್ಯಾಲ ಇವತ್ತ ಸಂಜಿಗೆ ಮೊದಲ ಸಲ ನಾ ಹಾಡಾಂವ. ಫೈಲ್ ಮತ್ತ ಮೊದಲಿಂದ ಇಳಸ್ಬೇಕೇನ?”

“ಬ್ಯಾಡ. ಫೈಲ್ ಇಳಸೂ ‘ಡಬ್ಲ್ಯುಗೆಟ್’ ಕಮಾಂಡಿಗೆ ಒಂದು ‘ಸಿ’ ಸೇರಿಸಿದ್ರ ನಿಂತಲ್ಲಿಂದನ ಇಳಸತೈತಿ.”

ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಹಟ್ಟಿಗೆ ಮರಳುವ ಕುರಿಗಳಂತೆ ಒಂದರ ಹಿಂದೊಂದು ಬಂದವು.

“ಬಿಚ್ಚೇತಿ ಕಾಕಾ! ಆದ್ರ ಸ್ಪೀಕರ್ ಕೆಟ್ಟೈತಿ.”

ಅವರು ಕೇಳುವ ಮೊದಲೇ ಶಿವಗಂಗವ್ವ ತನ್ನ ಇಯರ್‌ಫೋನ್ ಚಾಚಿದಳು. ಮಾಳಸಿದ್ದ ಕಣ್ಣು ಮುಚ್ಚಿದ. ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತ ಹಾಕುತ್ತ ನಿಂತವು.

“ಸಿಕ್ಕತೇನ ಕಾಕಾ?”

“ಸಿಕ್ಕತವ್ವಾ. ಅಣ್ಣಾನ ಕುಂತ ಹೇಳಿಕೊಟ್ಟಂಗಾತು.”

ಮಂಜಿನೊಳಗಿಂದ ರಾಯಬಾಗದ ಬಸ್ಸು ಬಂತು. ಮಾಳಸಿದ್ದ ಇಯರ್‌ಫೋನನ್ನು ಸುತ್ತಿ ಶಿವಗಂಗವ್ವನ ಅಂಗೈಯಲ್ಲಿಟ್ಟು ಹೋದ. ಅದರ ತಂತಿಗೆ ಭಂಡಾರದ ಹಳದಿ ಅಂಟಿತ್ತು.