ಕಾಯ್ಕಿಣಿಯ ಬಾವಿಗೆ ರಾಟೆ ಬಂದ ನಿಜವಾದ ಕಾರಣ

ಇಂದಿನ ಸಭೆಯ ಅಧ್ಯಕ್ಷರಾದ ಶ್ರೀ ಮಹಾಗಣಪತಿ ಹೆಗಡೆಯವರೇ, ನಮಗಾಗಿ ಹೊನ್ನಾವರದಿಂದ ಹೊಳೆ ದಾಟಿ ಬಂದ ಮುಖ್ಯ ಅತಿಥಿ ಶ್ರೀ ಕೃಷ್ಣಾನಂದ ಪೈಗಳೇ, ನನ್ನನ್ನು ಹೊಗಳಿ ದಣಿದು ಈಗ ಬೆವರು ಒರೆಸಿಕೊಳ್ಳುತ್ತಿರುವ ಶಾಂತಾರಾಮ ಮಾಸ್ತರರೇ, ಯುವಕ ಮಂಡಲದ ಗೆಳೆಯರೇ, ಬೆಂಚಿನ ಮೇಲೆ ಕೂತ ಮಹನೀಯರೇ, ಬೆಂಚು ಸಾಲದೆ ಕಿಟಕಿಯ ಹೊರಗೆ ನಿಂತ ತಾಯಂದಿರೇ, ಸಮಸ್ತ ಸಭಿಕರೇ,

ಈ ಕೋಣೆಯಲ್ಲಿ ನಾನು ಹಿಂದೆಯೂ ಎಲ್ಲರೆದುರು ನಿಂತಿದ್ದೇನೆ. ಆಗ ಬೆಂಚಿನ ಮೇಲೆ ನಿಂತಿದ್ದೆ, ಮಾಸ್ತರರ ಅಪ್ಪಣೆಯಂತೆ. ಇಂದು ಅದೇ ಮಾಸ್ತರರು ನನ್ನ ಕೊರಳಿಗೆ ಹಾರ ಹಾಕಿದ್ದಾರೆ. ನಾನು ಬದಲಾಗಿಲ್ಲ. ಬದಲಾದವರು ಮಾಸ್ತರರು ಎಂದೇ ಹೇಳಬೇಕು.

ಸಭೆಗೆ ಮೊದಲು ಅಧ್ಯಕ್ಷರು ನನ್ನನ್ನು ಜಗಲಿಯ ಮೂಲೆಗೆ ಕರೆದು, "ತಮಾ ಹಮ್ಮ, ಎರಡು ಮಾತು ಸಾಕು. ಹೆಚ್ಚಿಗೆ ಎಂತದೂ ಹೇಳಡ, ಹೆಂಗಸ್ರೂ ಇದ್ದ" ಎಂದರು. ಹಿರಿಯರ ಮಾತಿಗೆ ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೂ ಒಪ್ಪುವುದಕ್ಕೂ ವ್ಯತ್ಯಾಸವಿದೆ ಎಂದು ಅವರಿಗೆ ಈಗ ತಿಳಿಯುತ್ತದೆ.

ಮಾಸ್ತರರು ಏನೆಂದರು? "ಊರ ತಾಯಂದಿರ ಕಷ್ಟ ಕಂಡು ಮರುಗಿ ಈ ತರುಣ ಬಾವಿಗೆ ರಾಟೆ ಹಾಕಿಸಿದ" ಎಂದರು. ಮಾತು ಚೆನ್ನಾಗಿದೆ. ನಿಜ ಮಾತ್ರ ಅಲ್ಲ. ನಾನು ಮರುಗಲಿಲ್ಲ, ಮಾಸ್ತರರೇ. ನನ್ನ ಭುಜ ನೋಯುತ್ತಿತ್ತು. ಗಂಡಸಿನ ಭುಜಕ್ಕೂ ನೀರಿನ ಬಾವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದನ್ನು ಹೇಳದೆ ಈ ಶಾಲು ಹೊದ್ದುಕೊಂಡರೆ ನನಗೆ ಮೈ ಕಡಿಯುತ್ತದೆ.

ನನ್ನ ಚರಿತ್ರೆ ಸಣ್ಣದು. ಏಳನೆಯ ಇಯತ್ತೆಯಲ್ಲಿ, ಲೆಕ್ಕದ ಪಾಠದ ನಡುವೆ, ಅಗೋ ಆ ಕಿಟಕಿಯಿಂದ ಹಾರಿ ಹೋದವನು ಮತ್ತೆ ಬರಲಿಲ್ಲ. ಹೊನ್ನಾವರದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದೆ. ಒಂದು ಯಕ್ಷಗಾನ ಮೇಳದ ಪೆಟ್ಟಿಗೆ ಹೊತ್ತೆ. ಭಟ್ಕಳದಲ್ಲಿ ಸೈಕಲ್ಲಿಗೆ ಗಾಳಿ ಹಾಕಿದೆ. ಎಲ್ಲಿಯೂ ಒಂದು ಮಳೆಗಾಲ ದಾಟಲಿಲ್ಲ. ಲೋಕ ನೋಡಬೇಕೆಂಬ ಆಸೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜವೆಂದರೆ, ಮನೆಯಲ್ಲಿ ಕೂತರೆ, ಸಂಜೆಯಾದೊಡನೆ ನನ್ನನ್ನು ಹೆತ್ತ ಅವ್ವಿ ಒರಳುಕಲ್ಲಿನ ಮೇಲೆ ಎರಡೂ ಕಾಲು ಎತ್ತಿಟ್ಟುಕೊಂಡು ನೆಲದ ಮೇಲೆ ಮಲಗುತ್ತಿದ್ದುದನ್ನು ನೋಡುತ್ತ ಕೂರಬೇಕಿತ್ತು. ಅದನ್ನು ನೋಡುವುದಕ್ಕಿಂತ ಮಣ್ಣು ತುಳಿಯುವುದು... ಅದಿರಲಿ.

ಹೋದ ವರ್ಷ ಭಟ್ಕಳದ ಕೆಲಸವೂ ಬಿಟ್ಟುಹೋಗಿ ಮನೆಗೆ ಬಂದೆ. ಕೆಲಸವಿಲ್ಲದವನ ಕಣ್ಣು ಎಲ್ಲವನ್ನೂ ನೋಡುತ್ತದೆ. ನನ್ನ ಅವ್ವಿ ಗಂಗಿಯನ್ನು ನೀವೆಲ್ಲ ಬಲ್ಲಿರಿ. ಬಸಳೆ, ಹರಿವೆ, ಬದನೆಯ ಬುಟ್ಟಿ ಹೊತ್ತು ಮುರ್ಡೇಶ್ವರದ ಪೇಟೆಗೆ ಹೋಗುವವಳು. ಒಂದೇ ಓಟಕ್ಕೆ ಹೋಗಿಬರುತ್ತಿದ್ದವಳು ಈಗ ದಾರಿಯಲ್ಲಿ ಕಂಡ ಕಟ್ಟೆಗೆಲ್ಲ ಕೂರುತ್ತಿದ್ದಳು. ಕೆಮ್ಮು ಬಂದರೆ ಕಾಲಿಗೆ ಕಾಲು ಹೆಣೆದು ನಿಲ್ಲುತ್ತಿದ್ದಳು. ಹುಲ್ಲಿನ ಕುತ್ರಿಯ ಹಿಂದೆ ಮೂತ್ರಕ್ಕೆ ಹೋದರೆ ಎಷ್ಟು ಹೊತ್ತಾದರೂ ಬರುತ್ತಿರಲಿಲ್ಲ. ಬೆಳಿಗ್ಗೆ ನೆಟ್ಟಗಿದ್ದವಳು ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತಿದ್ದಳು.

"ಎಂತ ಆಯ್ತೆ ಅವ್ವಿ?" ಎಂದೆ.

"ಎಂತದೂ ಇಲ್ಲ. ಮೈ ಭಾರ" ಎಂದಳು.

ಮರುದಿನವೂ ಕೇಳಿದೆ. ಅದರ ಮರುದಿನವೂ ಕೇಳಿದೆ. ಕಡೆಗೆ ಅವಳು ಸೌಟು ತಕ್ಕೊಂಡಳು. ಆಗ ನಾನು ನನ್ನ ಅಣ್ಣ ಜಟ್ಟಿಯ ಹೆಂಡತಿ ಹೊನ್ನಿ ಅತ್ತಿಗೆಗೆ ಹೇಳಿದೆ. ಅತ್ತಿಗೆ ಅವ್ವಿಯನ್ನು ಬಚ್ಚಲಿಗೆ ಕರೆದೊಯ್ದು ಬಾಗಿಲು ಮುಚ್ಚಿದಳು. ಹೊರಗೆ ಬಂದು ಹೇಳಿದಳು: "ಅತ್ತೇರ ಗರ್ಭಚೀಲ ಜಾರಿದ್ದು. ಹೊರಗೇ ಬಂದದೆ. ಹಳೇ ಸೀರೆ ಒತ್ತಿಕಂಡು ತಿರುಗ್ತಿದ್ರು. ಯಾವಾಗಿಂದ ಅಂತ ಕೇಳ್ದೆ. ನೀನು ಹುಟ್ದಾಗಿಂದ ಅಂದ್ರು."

ಸಭಿಕರೇ, ಮುಂದಿನ ಬೆಂಚಿನಲ್ಲಿ ಈಗ ಕೆಮ್ಮು ಶುರುವಾಗಿದೆ. ಕೆಮ್ಮಿ. ನಾನು ಕಾಯುತ್ತೇನೆ.

ನಾನು ಐದನೆಯ ಹೆರಿಗೆ. ತಲೆ ದೊಡ್ಡದಿತ್ತಂತೆ. ಮಾಸ್ತರರು ಆ ತಲೆಯೊಳಗೆ ಏನೂ ಇಲ್ಲ ಎಂದು ಹೇಳುವ ಎಷ್ಟೋ ವರ್ಷ ಮೊದಲೇ ಅದು ನನ್ನ ತಾಯಿಗೆ ಇಷ್ಟು ತೊಂದರೆ ಕೊಟ್ಟಿತ್ತು. ನನ್ನನ್ನು ಹೆತ್ತ ವಾರದಲ್ಲೇ ಅವಳು ಬಾವಿಗೆ ಹೋದಳು, ಏಕೆಂದರೆ ಮನೆಯಲ್ಲಿ ನೀರಿರಲಿಲ್ಲ. ಗಂಡಸರಿದ್ದರು, ನೀರಿರಲಿಲ್ಲ. ಆ ಕಾಯಿಲೆಗೂ ನನಗೂ ಒಂದೇ ವಯಸ್ಸು. ಅವಳಿಜವಳಿ ಎನ್ನಿ. ನನಗೆ ಹೆಸರು ಇಟ್ಟರು, ಅದರ ಹೆಸರು ಯಾರೂ ಎತ್ತಲಿಲ್ಲ.

ನಮ್ಮ ಅಪ್ಪ ಬೊಮ್ಮಯ್ಯ ಹೊಟ್ಟೆಗೆ ಗಟ್ಟಿಯಾಗಿ ಬಟ್ಟೆ ಕಟ್ಟಿಕೊಳ್ಳಲು ಹೇಳಿದ. ಕಟ್ಟಿದರೆ ಇನ್ನಷ್ಟು ಕೆಳಗೆ ಬಂತು. ದೇವರಿಗೆ ಕಾಯಿ ಹೇಳಿಕೊಂಡ. ದೇವರು ಕಾಯಿ ತೆಗೆದುಕೊಂಡ, ಅಷ್ಟೇ. ಕಡೆಗೆ ಕುಮಟೆಯ ಡಾಕ್ಟರಬಾಯಿ ಪರಮೇಶ್ವರಿಯವರಲ್ಲಿಗೆ ಹೋಗುವುದೆಂದಾಯಿತು. ಹೊಳೆಯ ಈಚೆ ದಡದ ಕಾಸರಕೋಡಿನ ತನಕ ಒಂದು ಬಸ್ಸು, ಹೊಳೆಗೆ ದೋಣಿ, ಹೊನ್ನಾವರದಿಂದ ಇನ್ನೊಂದು ಬಸ್ಸು. ದವಾಖಾನೆಯಲ್ಲಿ ಡಾಕ್ಟರಬಾಯಿ, "ಏನಮ್ಮ ತೊಂದರೆ?" ಎಂದು ಕೇಳಿದರು.

ಅವ್ವಿ ಹೇಳಿದಳು: "ನಂಗಲ್ಲ ಬಾಯೋರೇ. ನಮ್ಮ ಆಚೆಮನೆ ಹೆಂಗ್ಸಿಗೆ."

ಎರಡು ಬಸ್ಸು, ಒಂದು ದೋಣಿ! ನಾನು ಬಾಯಿ ತೆರೆದೆ. ಡಾಕ್ಟರಬಾಯಿ ನನಗೆ ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿ, "ಆಗಲಿ, ಆ ಆಚೆಮನೆಯವಳಿಗೆ ಏನಾಗುತ್ತದೆ?" ಎಂದರು. ಅವ್ವಿ ಶುರು ಮಾಡಿದಳು ನೋಡಿ. ಆಚೆಮನೆಯವಳಿಗೆ ಒಳಗಿಂದ ಏನೋ ಉದುರಿಬೀಳುವ ಹಾಗೆ ಆಗುತ್ತದೆ. ಕೂತರೆ ಕೋಳಿಮೊಟ್ಟೆಯ ಮೇಲೆ ಕೂತ ಹಾಗೆ. ಮಲಗಿದರೆ ಸುಖ, ನಿಂತರೆ ಎಳೆತ. ಕೆಮ್ಮಿದರೆ, ನಕ್ಕರೆ ಸೀರೆ ಒದ್ದೆ. ಮೂತ್ರಕ್ಕೆ ಹೋದರೆ ಬೆರಳಲ್ಲಿ ಮೇಲೆ ಒತ್ತಿದ ಹೊರತು ಬರುವುದಿಲ್ಲ. ಅಷ್ಟು ವರ್ಷ ಬಾಯಿಬಿಡದವಳು ಆಚೆಮನೆಯವಳ ಹೆಸರಿನಲ್ಲಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಕೇಳಿ ಮುಗಿಸಿ ಡಾಕ್ಟರಬಾಯಿ ಎದ್ದು ಪರದೆ ಸರಿಸಿ, "ಈಗ ಆ ಆಚೆಮನೆಯವಳು ಒಳಗೆ ಬಂದು ಮಲಗಲಿ" ಎಂದರು.

ಅವ್ವಿ ಎದ್ದು ಒಳಗೆ ಹೋದಳು.

ಇವತ್ತು ಇದನ್ನೆಲ್ಲ ಹೇಳಲು ಅವಳನ್ನು ಕೇಳಿಯೇ ಬಂದಿದ್ದೇನೆ. "ಹೇಳು. ಆದ್ರೆ ಆಚೆಮನೆಯವಳದ್ದು ಅಂತ ಹೇಳು" ಎಂದಳು. ಹಾಗೆ ಹೇಳೋಣವೆಂದರೆ ನಮ್ಮ ಆಚೆಮನೆಯ ಕಮಲಕ್ಕ ಆ ಕಿಟಕಿಯಲ್ಲೇ ನಿಂತಿದ್ದಾಳೆ, ಮತ್ತು ಅವಳ ಕೈಯಲ್ಲಿ ಕೊಡೆ ಇದೆ.

ಆಮೇಲೆ ಡಾಕ್ಟರಬಾಯಿ ಅಪ್ಪನನ್ನೂ ನನ್ನನ್ನೂ ಕೂರಿಸಿ ತಿಳಿಸಿದರು. ಹೆಂಗಸಿನ ಹೊಟ್ಟೆಯ ತಳದಲ್ಲಿ ಒಂದು ಜೋಲಿ ಕಟ್ಟಿದೆ ಎಂದು ತಿಳಿಯಿರಿ, ಗರ್ಭಕೋಶ, ಮೂತ್ರಕೋಶ, ಕರುಳು ಎಲ್ಲ ಅದರ ಮೇಲೆ ಕೂತಿರುತ್ತವೆ ಎಂದರು. ಹೆರಿಗೆಯಿಂದ ಹೆರಿಗೆಗೆ ಜೋಲಿ ಸಡಿಲಾಗುತ್ತದೆ. ಹೆತ್ತ ಮೈ ಗಟ್ಟಿಯಾಗುವ ಮೊದಲೇ ಭಾರ ಹೊತ್ತರೆ, ಕೆಮ್ಮಿಗೆ ಮದ್ದು ಮಾಡದಿದ್ದರೆ, ಮಲ ಕಟ್ಟಿ ತಿಣುಕಿದರೆ, ಜೋಲಿ ಇನ್ನೂ ಇಳಿಯುತ್ತದೆ. ಅದು ಯಾರ ಶಾಪವೂ ಅಲ್ಲ, ಹೆಂಗಸಿನ ನಡತೆಯ ಮಾತೂ ಅಲ್ಲ. ಈಗಷ್ಟೇ ಶುರುವಾದವರಿಗೆ, ಬಂದ ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಜಾಗವಿದೆಯಲ್ಲ, ಅದನ್ನು ಬಿಗಿಹಿಡಿದು ಬಿಡುವ ಅಭ್ಯಾಸವಿದೆ. ಕೂತಲ್ಲಿ ನಿಂತಲ್ಲಿ ದಿನಾ ಮಾಡಬೇಕು, ಯಾರಿಗೂ ಗೊತ್ತಾಗುವುದಿಲ್ಲ. ಸ್ವಲ್ಪ ಹೆಚ್ಚು ಇಳಿದವರಿಗೆ ಒಳಗೆ ಒಂದು ಬಳೆಯಂಥ ರಬ್ಬರಿನ ಉಂಗುರ ಇಡುತ್ತಾರೆ, ಆಗಾಗ ಹೋಗಿ ತೆಗೆಸಿ ತೊಳೆಸಿಕೊಂಡು ಬರಬೇಕು. ಅವ್ವಿಯದು ಪೂರ್ತಿ ಹೊರಗೆ ಬಂದಿದ್ದರಿಂದ ಆಪರೇಶನ್ ಆಗಬೇಕು ಎಂದರು. ಅಪ್ಪ ಅದಕ್ಕೂ ಒಪ್ಪಿದ. ಅವನು ಹೆದರಿದ್ದು ಚಾಕುವಿಗಲ್ಲ, ಅದರ ಮುಂದಿನ ಮಾತಿಗೆ.

"ಆಪರೇಶನ್ ಆದ ಮೇಲೆ ಮೂರು ತಿಂಗಳು ಇವರು ಭಾರ ಎತ್ತಬಾರದು."

"ಆತು ಬಾಯೋರೇ. ನೀರು ತರ್ಲಕ್ಕಾ?"

"ನೀರು ಭಾರವಲ್ಲವೇ?"

"ಅರ್ಧ ಕೊಡಪಾನ?"

"ಇಲ್ಲ."

"ಸೊಂಟದ ಮೇಲೆ ಬೇಡ, ತಲೆ ಮೇಲೆ?"

"ಇಲ್ಲ ಅಂದೆನಲ್ಲ. ನಿಮ್ಮ ಮನೆಯಲ್ಲಿ ಗಂಡಸರು ಎಷ್ಟು ಮಂದಿ?"

"ನಾನು, ಜಟ್ಟಿ, ಈ ಹಮ್ಮ. ಮೂವರು."

"ಹಾಗಾದರೆ ಏನು ಚಿಂತೆ?" ಎಂದರು ಡಾಕ್ಟರಬಾಯಿ.

ಅಪ್ಪ ಅವರನ್ನು ಕರುಣೆಯಿಂದ ನೋಡಿದ. ಹೊರಗೆ ಬಂದು ನನಗೆ ಹೇಳಿದ: "ಪಾಪ, ಓದು ಭಾಳ ಅದೆ. ಲೋಕ ಗೊತ್ತಿಲ್ಲ."

ಆಪರೇಶನ್ ಸುಸೂತ್ರವಾಯಿತು. ಅವ್ವಿ ಮನೆಗೆ ಬಂದಳು. ಹೊನ್ನಿ ಅತ್ತಿಗೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮನೆಯಲ್ಲಿ ಮೂವರು ಗಂಡಸರು, ಒಂದು ಖಾಲಿ ಹಂಡೆ. ಅಪ್ಪನಿಗೆ ಅಂದೇ ಮಂಡಿನೋವು ಬಂತು. ಅಣ್ಣನಿಗೆ ಗದ್ದೆಯಲ್ಲಿ ತುರ್ತು ಕೆಲಸ ಬಂತು. ಮಲಗಿದ್ದ ಅವ್ವಿ, "ನಾನೇ ಹೋಗ್ತೆ, ಒಂದೇ ಕೊಡಪಾನ" ಎಂದು ಏಳಲು ಹೊರಟಳು. ಹೊಲಿಗೆ ಬಿಚ್ಚಿದರೆ ಮತ್ತೆ ಎರಡು ಬಸ್ಸು, ಒಂದು ದೋಣಿ. ನಾನು ಕೊಡಪಾನ ಕಸಿದುಕೊಂಡು ನಡೆದೆ.

ಬಾವಿಯ ಹತ್ತಿರ ಏನಾಯಿತೆಂದು ಇಲ್ಲಿರುವ ಗಂಡಸರಿಗೆ ನೆನಪಿರಬೇಕು. ಚಾ ಅಂಗಡಿಯಿಂದ ಎದ್ದು ಬಂದು ನೋಡಿದ್ದಿರಿ. "ಹಮ್ಮಕ್ಕ, ಸೆರಗು ಜಾರ್ತದೆ ನೋಡ್ಕಳೆ!" ಎಂದವರು ಯಾರೆಂದು ಹೇಳುವುದಿಲ್ಲ. ಅವರು ಯುವಕ ಮಂಡಲದ ಕಾರ್ಯದರ್ಶಿ.

ನಿಮ್ಮ ನಗೆಯನ್ನು ತಡೆದುಕೊಂಡೆ. ಹಗ್ಗವನ್ನು ತಡೆದುಕೊಳ್ಳಲಾಗಲಿಲ್ಲ. ಎರಡನೆಯ ದಿನ ಅಂಗೈ ಬೊಬ್ಬೆ ಎದ್ದಿತು, ಮೂರನೆಯ ದಿನ ಭುಜ ಮೇಲೇಳಲಿಲ್ಲ. ನಾಲ್ಕನೆಯ ದಿನ ಹೊನ್ನಾವರಕ್ಕೆ ಹೋಗಿ ಪೈಗಳ ಅಂಗಡಿಯಲ್ಲಿ ನಿಂತೆ. ಹಡಗಿನಿಂದ ಕಳಚಿದ ಹಳೆಯ ರಾಟೆಯೊಂದನ್ನು ಅವರು ಧರ್ಮಕ್ಕೆ ಕೊಟ್ಟರು. ಅವರಿಗೆ ವಂದನೆ. ರಾಟೆಗಿಂತ ದೊಡ್ಡ ಅಕ್ಷರದಲ್ಲಿ ಅವರ ಹೆಸರೂ ಕಟ್ಟೆಯ ಮೇಲಿದೆ.

ಈಗ ಯೋಚಿಸಿ. ಆ ಬಾವಿಯಲ್ಲಿ ನನ್ನ ಅಜ್ಜಿ ಸೇದಿದಳು, ಅಜ್ಜಿಯ ಅಜ್ಜಿ ಸೇದಿದಳು. ಹೆತ್ತವರು ಸೇದಿದರು, ಬಸುರಿಯರು ಸೇದಿದರು, ಒಳಗೆ ಸೀರೆಯ ತುಂಡು ಒತ್ತಿಕೊಂಡು ಸೇದಿದರು. ಅಷ್ಟು ವರ್ಷ ಯಾರಿಗಾದರೂ ರಾಟೆಯ ನೆನಪಾಯಿತೇ? ಒಬ್ಬ ಗಂಡಸು ಮೂರು ದಿನ ಸೇದಿದ, ರಾಟೆ ಬಂತು! ಮಾತ್ರವಲ್ಲ, ಅವನಿಗೆ ಶಾಲೂ ಬಂತು! ಮಾಸ್ತರರೇ, ಮೂರು ದಿನಕ್ಕೆ ಒಂದು ಶಾಲು ಎಂದಾದರೆ ನನ್ನ ಅವ್ವಿಗೆ ಎಷ್ಟು ಶಾಲು ಬರಬೇಕು? ಲೆಕ್ಕ ನೀವು ಮಾಡಿ. ನಾನು ಲೆಕ್ಕದಲ್ಲಿ ಹಿಂದೆ.

ಅಧ್ಯಕ್ಷರು ಗಂಟೆ ಮುಟ್ಟಿದರು. ಇನ್ನೊಂದೇ ವಿಷಯ, ಮುಗಿಸುತ್ತೇನೆ.

ಅವ್ವಿ ಈಗ ಚೆನ್ನಾಗಿದ್ದಾಳೆ. ಹೋದ ವಾರ ತೋರಿಸಿಕೊಳ್ಳಲು ಕುಮಟೆಗೆ ಹೋದಾಗ ಹೊನ್ನಿ ಅತ್ತಿಗೆಯನ್ನೂ ಕರೆದೊಯ್ದಳು. ಹೌದು, ಅತ್ತಿಗೆಗೂ ಶುರುವಾಗಿದೆ. ಈಗಷ್ಟೇ ಶುರು. ಮೂರು ತಿಂಗಳು ಭಾರ ಎತ್ತದೆ, ಹೇಳಿಕೊಟ್ಟ ಅಭ್ಯಾಸ ಮಾಡಿದರೆ ಚಾಕು ಬೇಕಾಗದೆ ಇರಬಹುದು ಎಂದಿದ್ದಾರೆ ಡಾಕ್ಟರಬಾಯಿ. ನಾನೇ ನೀರು ತರುತ್ತೇನೆ ಎಂದೆ. ಅತ್ತಿಗೆ, "ನೀ ಸೋಮವಾರ ಹೊನ್ನಾವರದ ಲಾಂಚಿನ ಕೆಲಸಕ್ಕೆ ಹೋಗ್ತೆ. ಅದ್ರ ಮುಂದಿನ ಸೋಮವಾರ ಎಲ್ಲಿರ್ತೆ ಅಂತ ನಿಂಗೇ ಗೊತ್ತಿಲ್ಲ. ನನ್ನ ಗಂಡ ಊರಲ್ಲೇ ಇರ್ತಾರಲ್ಲ" ಎಂದಳು. ಅವಳ ಗಂಡ, ನನ್ನ ಅಣ್ಣ, ಒಂದು ವಾರದಿಂದ ಹೂಂ ಎನ್ನುತ್ತಿಲ್ಲ, ಊಹೂಂ ಎನ್ನುತ್ತಿಲ್ಲ. "ಊರು ಎಂತ ಹೇಳ್ತದೆ?" ಎನ್ನುತ್ತಾನೆ. ಅದಕ್ಕೇ ಇಂದು ಬೆಳಿಗ್ಗೆ ಅತ್ತಿಗೆ ನನಗೆ ಹೇಳಿದಳು: "ಊರೆಲ್ಲ ಅಲ್ಲಿ ಕೂತಿರ್ತದೆ ಅಲ್ದಾ? ಅಲ್ಲೇ ಕೇಳು. ನನ್ನ ಹೆಸ್ರು ಹೇಳೇ ಕೇಳು. ನಂಗೆ ಆಚೆಮನೆ ಬೇಡ."

ಜಟ್ಟಣ್ಣ, ನೀನು ಮೂರನೆಯ ಸಾಲಿನಲ್ಲಿ ಕಂಬದ ಹಿಂದೆ ಕೂತಿದ್ದರೂ ನನಗೆ ಕಾಣುತ್ತಿದ್ದೀಯ. ಅತ್ತಿಗೆ ನೀರಿಗೆ ಬಂದವಳು ಕೊಡಪಾನವನ್ನು ಬಾವಿಕಟ್ಟೆಯ ಮೇಲಿಟ್ಟು ಕಿಟಕಿಯ ಹೊರಗೆ ನಿಂತಿದ್ದಾಳೆ. ಭಾಷಣ ಮುಗಿದ ಮೇಲೆ ಅದನ್ನು ಎತ್ತುವವರು ಯಾರು? ಊರು ಇಲ್ಲಿದೆ. ಊರು ಎಂತ ಹೇಳ್ತದೆ ಎಂದು ಈಗಲೇ ಕೇಳಿಕೋ.

ಊರು ನೆಲ ನೋಡುತ್ತಿದೆ.

ಅಣ್ಣ ಎದ್ದ. ಹೆಗಲ ಮೇಲಿನ ಪಂಜಿ ಕೊಡವಿದ. ನನ್ನನ್ನು ಒಮ್ಮೆ ನೋಡಿದ, ಆ ನೋಟದ ಅರ್ಥವನ್ನು ಮನೆಯಲ್ಲಿ ತಿಳಿದುಕೊಳ್ಳುತ್ತೇನೆ. ಬಾಗಿಲು ದಾಟಿ ಹೋದ.

ಸಭಿಕರೇ, ಅವನು ಒಪ್ಪಿದ ಎಂದು ನಾನು ಹೇಳಲಾರೆ. ಬಾವಿಗೂ ಅದೇ ದಾರಿ, ಚಾ ಅಂಗಡಿಗೂ ಅದೇ ದಾರಿ. ನಾನು ನಿಂತಲ್ಲಿಂದ ಆ ದಾರಿ ಕಾಣುವುದಿಲ್ಲ, ಕಾಣದ್ದನ್ನು ಕಂಡೆ ಎನ್ನುವುದು ನನ್ನಿಂದಾಗದು. ಕಿಟಕಿಯ ಹೊರಗಿನವರಿಗೆ ಕಾಣುತ್ತದೆ. ಎಲ್ಲರೂ ಆ ಕಡೆ ತಿರುಗಿದ್ದಾರೆ. ನಗುತ್ತಿದ್ದಾರೆ. ಕಮಲಕ್ಕ ಬಾಯಿಗೆ ಸೆರಗು ಒತ್ತಿಕೊಂಡಿದ್ದಾಳೆ. ಚಾ ಅಂಗಡಿಗೆ ಹೋಗುವ ಗಂಡಸನ್ನು ನೋಡಿ ನಮ್ಮೂರ ಹೆಂಗಸರು ನಕ್ಕದ್ದನ್ನು ನಾನಂತೂ ಕಂಡಿಲ್ಲ. ಹೊನ್ನಿ ಅತ್ತಿಗೆ ಮಾತ್ರ ನಗುತ್ತಿಲ್ಲ. ಎರಡೂ ಕೈ ಎತ್ತಿ, ಹಗ್ಗ ಹೇಗೆ ಹಿಡಿಯಬೇಕೆಂದು ದೂರದಿಂದಲೇ ತೋರಿಸುತ್ತಿದ್ದಾಳೆ.

ಗಂಟೆ ಬಾರಿಸದೆ ತಾಳಿಕೊಂಡ ಅಧ್ಯಕ್ಷರಿಗೂ, ರಾಟೆ ಕೊಟ್ಟ ಪೈಗಳಿಗೂ, ಹಾರ ಹಾಕಿದ ಮಾಸ್ತರರಿಗೂ, ಕೆಮ್ಮಿದವರಿಗೂ ಕೆಮ್ಮದವರಿಗೂ ನನ್ನ ವಂದನೆಗಳು. ಅಪ್ಪಣೆಯಾದರೆ ನಾನು ಇಳಿಯುತ್ತೇನೆ, ಕಿಟಕಿಯ ಹತ್ತಿರ ಹೋಗಿ ನೋಡಬೇಕಾಗಿದೆ. ನಮಸ್ಕಾರ.