ಸ್ಟೈನಾರ್ ಬರುವ ತನಕ ನಾಲ್ಕು ಮಾತು

ಅಧ್ಯಕ್ಷತೆ ವಹಿಸಿರುವ ಮೇಯರ್ ಸುನ್ನಿವಾ ಅವರೇ, ವೇದಿಕೆಯ ಗಣ್ಯರೇ, ಕಾಫಿ, ವಾಫಲ್ ಮುಗಿಸಿ ಬೆಚ್ಚಗೆ ಕುಳಿತಿರುವ ಸಭಿಕರೇ,

ಈ ಮಧ್ಯಾಹ್ನ ‘ಒದ್ದೆ ಕೈಗವಸು’ ರಾಕ್ ತಂಡಕ್ಕೆ ನೀವು ಸನ್ಮಾನ ಮಾಡುತ್ತಿದ್ದೀರಿ. ನಾನು ಡ್ರಮ್ ಬಾರಿಸುವ ಓಟರ್. ಮಾತು ನನ್ನ ಕಸುಬಲ್ಲ. ಮಾತಾಡಬೇಕಾದವನು ನಮ್ಮ ಹಾಡುಗಾರ, ಗಿಟಾರ್ ವಾದಕ ಸ್ಟೈನಾರ್. ಅವನು ಘಟ್ಟದ ಮೇಲೆ ಹಿಮಗಾಳಿಯಲ್ಲಿ ಸಿಕ್ಕಿಕೊಂಡಿದ್ದಾನೆ, ಎರಡು ಗಂಟೆಯಿಂದ ಫೋನ್ ಸಿಗುತ್ತಿಲ್ಲ. “ಅವ್ರು ಬರೋ ತನಕ ಏನಾದ್ರೂ ಹೇಳ್ತಾ ಇರಿ” ಎಂದರು ಮೇಯರ್. ಹೇಳುತ್ತಿದ್ದೇನೆ.

ತಂಡಕ್ಕೆ ಹೆಸರಿಟ್ಟವಳು ನಮ್ಮಮ್ಮ. ದೋಣಿ ಇಡುವ ಕೊಟ್ಟಿಗೆಯಲ್ಲಿ ನಾವು ಅಭ್ಯಾಸ ಮಾಡುವಾಗ ಬಂದು, “ಒದ್ದೆ ಕೈಗವಸು ಒಲೆ ಮೇಲೆ ಹಾಕ್ಬೇಡ್ರೋ, ಊರೆಲ್ಲ ನಾತ!” ಎಂದು ಬೈಯುತ್ತಿದ್ದಳು. ಮೊದಲ ಎರಡು ಆಲ್ಬಂಗಳಲ್ಲಿ ಸ್ಟೈನಾರ್‌ನ ಗಿಟಾರ್ ಬಿಡುವಿಲ್ಲದೆ ಸುರಿಯುತ್ತಿತ್ತು. ಮೂರನೆಯದರಲ್ಲಿ ಸ್ವರಗಳ ನಡುವೆ ಮೌನ ಬಂತು. ಓಸ್ಲೋದ ಪತ್ರಿಕೆಗಳು ಆ ಮೌನವನ್ನೇ ಹೊಗಳಿದವು. ಪ್ರಶಸ್ತಿ ಬಂತು, ಜರ್ಮನಿ ಪ್ರವಾಸವೂ ಬಂತು. ಆ ಮೌನ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದಿರಾ?

ಆ ಆಲ್ಬಂಗೆ ಮೊದಲು, ಇದೇ ಘಟ್ಟ, ಇಂಥದೇ ಫೆಬ್ರವರಿ. ಹಿಮ ಸರಿಸುವ ಗಾಡಿಯ ಹಿಂದೆ ಗಾಡಿಗಳೆಲ್ಲ ಸಾಲಾಗಿ ಹೋಗುತ್ತಿದ್ದವು. ನಿಯಮ ನಿಮಗೆ ಗೊತ್ತು: ಮುಂದಿನ ಗಾಡಿಯ ಹಿಂಬದಿಯ ಕೆಂಪು ದೀಪ ಕಣ್ತಪ್ಪಲು ಬಿಡಬಾರದು, ಗಾಡಿಯಿಂದ ಇಳಿಯಬಾರದು. ವ್ಯಾನ್ ಓಡಿಸುತ್ತಿದ್ದವನು ನಾನು, ಜೊತೆಗಿದ್ದವನು ಸ್ಟೈನಾರ್ ಒಬ್ಬನೇ. ತಂಡ ಬಿಡುತ್ತೇನೆ ಎಂದ. ಜಗಳವಾಯಿತು. ಸಾಲು ಒಂದು ಕ್ಷಣ ನಿಂತಾಗ, “ಬಿಡೋದಾದ್ರೆ ಈಗ್ಲೇ ಇಳಿಯೋ!” ಎಂದೆ. ಇಳಿದೇಬಿಟ್ಟ. ಮುಂದಿನ ದೀಪ ಹೊರಟಿತು. ನಾನೂ ಹೊರಟೆ.

ನಿಯಮ ಪಾಲಿಸಿದೆ ಎಂದು ಪೊಲೀಸರಿಗೆ ಹೇಳಿದೆ. ಹಾರ್ನ್ ಒತ್ತಿ ಸಾಲು ನಿಲ್ಲಿಸಬಹುದಿತ್ತು, ಸಭಿಕರೇ. ಒಂದು ನಿಮಿಷ ಅನುಭವಿಸಲಿ ಎಂದುಕೊಂಡೆ. ಹಿಂದಿನ ಗಾಡಿಗಳು ಅವನನ್ನು ಕಾಣದೆ ದಾಟಿದವು. ಎಷ್ಟೋ ಹೊತ್ತಿನ ಮೇಲೆ ಕೊನೆಯ ಗಾಡಿಯವರು ಕಂಡಾಗ, ರಸ್ತೆ ಬದಿಯ ಗುರುತಿನ ಕಂಬವನ್ನು ಬರಿಗೈಯಲ್ಲಿ ಹಿಡಿದು ನಿಂತಿದ್ದ. ಅವನ ಕೈಗವಸು ನನ್ನ ಪಕ್ಕದ ಸೀಟಿನಲ್ಲಿತ್ತು.

ಚಳಿಗೆ ಹೆಪ್ಪುಗಟ್ಟಿ ಎಡಗೈಯ ಎರಡು ಬೆರಳು ಹೋದವು. “ಉಚ್ಚೆ ಹೊಯ್ಯೋಕೆ ಇಳಿದಿದ್ದೆ, ನಂದೇ ತಪ್ಪು” ಎಂದು ಇಪ್ಪತ್ತೆರಡು ವರ್ಷ ಎಲ್ಲರಿಗೂ ಹೇಳಿದ. ನನಗೂ ಹಾಗೆಯೇ ಹೇಳಿದ. ತಂಡವನ್ನೂ ಬಿಡಲಿಲ್ಲ. ನೀವು ಹೊಗಳಿದ ಮೌನ ಆ ಎರಡು ಬೆರಳುಗಳದು.

ಇದನ್ನು ಇವತ್ತು ಅವನೆದುರಿಗೇ ಹೇಳಬೇಕೆಂದು ಬಂದೆ. ಅವನು ಬಂದುಬಿಟ್ಟರೆ ಎಂಬ ಭಯ ಬೆಳಗಿನಿಂದ ಇತ್ತು. ಈಗ ಅವನು ಬರದಿದ್ದರೆ ಎಂಬ ಭಯ.

ಮೇಯರ್ ಚೀಟಿ ಕೊಟ್ಟಿದ್ದಾರೆ. ಓದುತ್ತೇನೆ... ಗಾಡಿಗಳ ಸಾಲು ಕೆಳಗೆ ತಲುಪಿದೆ. ಸ್ಟೈನಾರ್‌ನ ಕಾರು ಅದರಲ್ಲಿಲ್ಲ.

ಕ್ಷಮಿಸಿ. ಹೂಗುಚ್ಛ ಇಲ್ಲೇ ಇರಲಿ. ಹಿಮ ಸರಿಸುವ ಗಾಡಿ ಮತ್ತೆ ಮೇಲೆ ಹೋಗುವಾಗ ನಾನು ಅದರಲ್ಲಿ ಕೂತಿರುತ್ತೇನೆ. ವಾಪಸು ಕೊಡೋಣ ಎಂದು ತಂದ ಅವನ ಹಳೇ ಕೈಗವಸು ಜೇಬಿನಲ್ಲಿದೆ. ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ದಯವಿಟ್ಟು ದಾರಿ ಬಿಡಿ. ನಮಸ್ಕಾರ.