ಕಾವಲುಗಾರನ ಎರಡು ಬಡಿತ

ಬಾವಿ ದಾಟುವಾಗ ಮೊದಲ ಸಲ ಕೇಳಿಸಿತಂತೆ. ಟಕ್… ಟಕ್.

ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು ಇದು. ದೀಪ ಬೇಕಾದರೆ ಉರಿಯುತ್ತಿರಲಿ. ಆದರೆ ನಡುವೆ ಯಾರೂ ನಗಬೇಡಿ.

ಆಫೀಸಿನಿಂದ ತಡವಾಗಿ ನಡೆದು ಬರುತ್ತಿದ್ದ. ಬೀದಿಯ ತಿರುವಿನಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ. ಜಾಲರಿಯ ಮೇಲೆ ಏನೋ ಬಿತ್ತೆಂದು ನಿಂತ. ಅಲ್ಲ… ಕಬ್ಬಿಣದ ಸದ್ದಲ್ಲ. ಬೆರಳ ಗೆಣ್ಣಿನಿಂದ ಮರದ ಮೇಜು ತಟ್ಟಿದ ಸದ್ದು. ಬಂದದ್ದು ಹೆಗಲ ಚೀಲದೊಳಗಿನಿಂದ. ಚೀಲದಲ್ಲಿದ್ದದ್ದು ಲ್ಯಾಪ್‌ಟಾಪ್ ಒಂದೇ, ಅದನ್ನು ಆಫ್ ಮಾಡಿಯೇ ಹೊರಟಿದ್ದ.

ಆ ಸದ್ದು ಯಾರದೆಂದು ಅವನಿಗೆ ಗೊತ್ತಿತ್ತು. ಆಫೀಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವನದು. ಎಲ್ಲರೂ ಅವನನ್ನು ಕಾವಲುಗಾರ ಎನ್ನುತ್ತಿದ್ದರು, ಅವನು ಬರೆದ ಲೈಬ್ರರಿಯಿಂದ, ಅಂದರೆ ಬೇರೆ ಪ್ರೋಗ್ರಾಮುಗಳೂ ಬಳಸಿಕೊಳ್ಳುವ ಕೋಡಿನ ಕಟ್ಟಿನಿಂದ, ಬಂದ ಹೆಸರು. ಅದನ್ನು ಫೈಲುಗಳ ಮೇಲೆ ಕಾವಲಿಟ್ಟರೆ, ಯಾವುದರಲ್ಲೇ ಒಂದಕ್ಷರ ಬದಲಾಗಲಿ, ಹೇಳಿಟ್ಟ ಕೆಲಸವನ್ನು ತಾನಾಗಿಯೇ ಮಾಡಿಬಿಡುತ್ತದೆ. ಬೇರೆಯವರು ಗಂಟೆ ಬಾರಿಸುವಂತೆ ಹೇಳಿಡುತ್ತಿದ್ದರು. ಕಾವಲುಗಾರ ತನ್ನ ಗೆಣ್ಣಿನಿಂದಲೇ ಮೇಜು ತಟ್ಟಿ ರೆಕಾರ್ಡ್ ಮಾಡಿಟ್ಟಿದ್ದ. ಫೈಲು ಬದಲಾಯಿತೋ, ಟಕ್ ಟಕ್. ಲೈಬ್ರರಿಯ ಜೊತೆ ಆ ರೆಕಾರ್ಡೂ ನನ್ನ ತಮ್ಮನ ಲ್ಯಾಪ್‌ಟಾಪಿಗೆ ಬಂದಿತ್ತು.

ಕಾವಲುಗಾರ ಜ್ವರ ಬಂದು ತೀರಿಕೊಂಡ. ಹೊಗಳಿಕೆ ಮಾತ್ರ ತೀರಲಿಲ್ಲ. ನನ್ನ ತಮ್ಮ ಏನು ಬರೆದು ತೋರಿಸಿದರೂ, ಚೆನ್ನಾಗಿದೆ, ಕಾವಲುಗಾರ ಇದ್ದಿದ್ದರೆ ಇನ್ನೂ ಚೊಕ್ಕವಾಗಿ ಬರೆಯುತ್ತಿದ್ದ ಎಂದು ಮ್ಯಾನೇಜರ್ ಮೇಡಂ ನಿಟ್ಟುಸಿರು ಬಿಡುತ್ತಿದ್ದರು. ಮನೆಗೆ ಬಂದರೆ ಹೆಂಡತಿಯೂ, ಪಾಪ, ಎಂಥಾ ಬುದ್ಧಿವಂತರು ಅನ್ನುವುದು.

"ಬದುಕಿರೋನ ಜೊತೆ ಪೈಪೋಟಿ ಮಾಡಬಹುದು ಅಣ್ಣ," ಎಂದಿದ್ದ ನನ್ನ ಹತ್ತಿರ. "ಸತ್ತೋನು ತಪ್ಪೇ ಮಾಡಲ್ವಲ್ಲ."

ಬಾವಿಯ ಬಳಿ ಸದ್ದು ಕೇಳಿದ ಮರುದಿನ ಆ ಲೈಬ್ರರಿಯನ್ನು ಹೊರಗಿನ ಜನರಿಗೂ ಬಳಸಲು ಬಿಡುವುದಿತ್ತು. ಇವನು ಆ ರಾತ್ರಿ ಆಫೀಸಿನಿಂದ ಹೊರಡುವ ಮುಂಚೆ, ಕೋಡಿನ ಮೊದಲ ಸಾಲಿನಲ್ಲಿ ಬರೆದವರು ಎಂಬಲ್ಲಿದ್ದ ಕಾವಲುಗಾರನ ಹೆಸರು ಅಳಿಸಿ, ತನ್ನ ಹೆಸರು ಬರೆದ. ಎಲ್ಲೋ ಒಂದು ಸಾಲು ತಿದ್ದಿದ್ದನಂತೆ, ಅದೇ ಹಕ್ಕು. ಅದನ್ನು ನಾನು ಕಳ್ಳತನ ಎನ್ನುತ್ತೇನೆ. ಅವನ ಮುಖಕ್ಕೇ ಹೇಳಿದ್ದೇನೆ.

ಮನೆ ಸೇರಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದ. ಮೊದಲ ಸಾಲಿನಲ್ಲಿ… ಕಾವಲುಗಾರನ ಹೆಸರು. ಅಳಿಸಿ ತನ್ನದು ಬರೆದ. ಟಕ್ ಟಕ್. ಸರಿ, ಅದು ತಾನು ಬದಲಿಸಿದ್ದಕ್ಕೆ. ಕೈ ಹಿಂದೆಳೆದುಕೊಂಡ. ಒಂದು ಉಸಿರಿನಷ್ಟು ಹೊತ್ತು… ಟಕ್ ಟಕ್. ನೋಡಿದರೆ ಇವನ ಹೆಸರಿಲ್ಲ.

ಮತ್ತೆ ಬರೆದ. ಮತ್ತೆ ಹೋಯಿತು.

ಹೊಟ್ಟೆಕಿಚ್ಚು ಹೆದರಿಕೆಯನ್ನೂ ನುಂಗಿಬಿಡುತ್ತದೆ. ಸದ್ದಿನ ರೆಕಾರ್ಡನ್ನೇ ಅಳಿಸಿ ಹಾಕಿದ. ಇನ್ನು ಬಡಿಯಲು ಏನೂ ಉಳಿದಿರಲಿಲ್ಲ. ಫ್ರಿಜ್ಜಿನ ಗುಂಯ್ ಒಂದೇ…

ಟಕ್. ಟಕ್.

ಈ ಸಲ ಲ್ಯಾಪ್‌ಟಾಪಿನಿಂದಲ್ಲ. ಮೇಜಿನ ಅಡಿಯಿಂದ, ಅವನ ಮೊಣಕಾಲಿನ ಹತ್ತಿರದಿಂದ.

"ಎಲ್ಲಾ ನಿಂದೇ ಆಗಬೇಕೇನೋ?" ಪಿಸುಗುಟ್ಟಿದ. "ನಂಗೂ ಒಂದು ಸಾಲು ಬಿಡೋ…"

ಹಿಂದೆ ಕೋಣೆಯ ಬಾಗಿಲು ಕಿರ್ರೆಂದಿತು. ನಿದ್ದೆಗಣ್ಣಿನ ಹೆಂಡತಿ.

"ಬಂದಿದ್ದೋರು ಹೋದ್ರಾ?"

"ಯಾರೂ ಬಂದಿಲ್ಲ ಕಣೆ."

"ಆಗಲೇ ಎದ್ದು ನೋಡಿದೆ. ನಿಮ್ಮೆದುರು ಕೂತಿದ್ರಲ್ಲ."

ಲೈಬ್ರರಿ ಕಾವಲುಗಾರನ ಹೆಸರಲ್ಲೇ ಹೊರಗೆ ಹೋಯಿತು. ಮೇಡಂ ಕಣ್ಣೊರೆಸಿಕೊಂಡರಂತೆ. ನನ್ನ ತಮ್ಮ ಚಪ್ಪಾಳೆ ತಟ್ಟಿದನಂತೆ, ಎಲ್ಲರಿಗಿಂತ ಜೋರಾಗಿ.

ಇದನ್ನೆಲ್ಲ ಅವನು ಹೇಳಿದಾಗ ನಾನು ನಂಬಲಿಲ್ಲ. ಆಮೇಲೆ ಒಂದು ಸಂಜೆ ನಮ್ಮ ಮನೆಗೆ ಬಂದ. ನನ್ನ ಮಗಳಿಗೊಂದು ಪುಸ್ತಕ ತಂದಿದ್ದ. ಮೊದಲ ಹಾಳೆಯಲ್ಲಿ, ಪ್ರೀತಿಯಿಂದ, ನಿನ್ನ ಚಿಕ್ಕಪ್ಪ ಎಂದು ಬರೆದು, ಕೆಳಗೆ ತನ್ನ ಹೆಸರು ಹಾಕಿದ. ಪೆನ್ನು ಎತ್ತಿದ…

ಟಕ್ ಟಕ್. ಮೇಜಿನ ಅಡಿಯಿಂದ. ಅವನು ತಲೆ ಎತ್ತಲಿಲ್ಲ. ಅಭ್ಯಾಸವಾಗಿ ಹೋದವನಂತೆ ಪೆನ್ನಿಗೆ ಮುಚ್ಚಳ ಹಾಕಿದ.

ಇದ್ದದ್ದನ್ನು ಇದ್ದ ಹಾಗೆ ಹೇಳುವವನು ನಾನು. ನನ್ನ ಕಿವಿಯಾರೆ ಕೇಳಿದ್ದೇನೆ. ಅದು ಮರ ತಟ್ಟಿದ ಸದ್ದು.

ನಮ್ಮ ಮನೆಯ ಮೇಜು ಕಲ್ಲಿನದು.